ಶೇಷ ಇಪ್ಪತ್ತು ಯಾರದು? ಏಳನೇ ತರಗತಿಯ ಒಂದು ಗಣಿತ ಪ್ರಕರಣ

ದಾವಣಗೆರೆ ಜಿಲ್ಲೆ, ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿಯಲ್ಲಿ ಮೂವತ್ತರ ಆಸುಪಾಸು ಮಕ್ಕಳು. ಹೆಚ್ಚಿನವರ ಮನೆಯಲ್ಲಿ ಮೆಕ್ಕೆಜೋಳ, ಈರುಳ್ಳಿ, ಕುರಿ. ಗಣಿತಕ್ಕೂ ವಿಜ್ಞಾನಕ್ಕೂ ಒಬ್ಬರೇ ಶಿಕ್ಷಕಿ. ಬೋರ್ಡಿನ ಮೇಲೆ ಭಾಗಾಕಾರ ಬರೆದುಕೊಟ್ಟರೆ ಬಹುಪಾಲು ಮಕ್ಕಳು ಮಾಡಿ ಮುಗಿಸುತ್ತಾರೆ. ಅದೇ ಲೆಕ್ಕ ನಾಲ್ಕು ಸಾಲಿನ ವಾಕ್ಯವಾಗಿ ಬಂದರೆ, ಓದಿ ಮುಗಿಯುವುದಕ್ಕೂ ಮೊದಲೇ ಕೇಳುತ್ತಾರೆ: “ಮಿಸ್, ಕೂಡ್ಬೇಕಾ, ಭಾಗಿಸ್ಬೇಕಾ?” ಶಿಕ್ಷಕಿ “ಭಾಗಿಸ್ರೋ” ಎಂದರೆ ಸಾಕು, ಎಲ್ಲರೂ ತಲೆ ತಗ್ಗಿಸಿ ಬರೆಯತೊಡಗುತ್ತಾರೆ. ಆ ಒಂದು ಮಾತಿನಲ್ಲಿ ಲೆಕ್ಕದೊಳಗಿನ ಯೋಚನೆಯೆಲ್ಲ ಶಿಕ್ಷಕಿಯ ಪಾಲಾಯಿತು. ಮಕ್ಕಳಿಗೆ ಉಳಿದದ್ದು ಬರೆಯುವ ಕೆಲಸ ಮಾತ್ರ. ಈ ತರಗತಿಯಲ್ಲಿ ಬದಲಾಯಿಸಬೇಕಾಗಿದ್ದದ್ದು ಅದನ್ನೇ.

ಮೊದಲು ನೋಡಿದ್ದು

ಶುರುವಿನಲ್ಲಿ ಮಕ್ಕಳಿಗೆ ಒಂದು ಹಾಳೆಯಲ್ಲಿ ಮೂರು ಲೆಕ್ಕ ಕೊಡಲಾಯಿತು. ಒಂದು: ಸಂತೆಯಲ್ಲಿ 15 ಕುರಿ ಮಾರಿದ ಮೇಲೆ ದೊಡ್ಡಿಯಲ್ಲಿ 38 ಕುರಿ ಉಳಿದವು, ಮಾರುವ ಮೊದಲು ಎಷ್ಟಿದ್ದವು? ಎರಡು: 130 ಮಕ್ಕಳು ಚಿತ್ರದುರ್ಗದ ಕೋಟೆ ನೋಡಲು ಹೊರಟಿದ್ದಾರೆ, ಒಂದು ಬಸ್ಸಿಗೆ 48 ಜನ, ಎಷ್ಟು ಬಸ್ಸು ಬೇಕು? ಮೂರು: ದೊಡ್ಡಿಯಲ್ಲಿ 125 ಕುರಿ, 5 ನಾಯಿ ಇವೆ, ಕುರಿ ಕಾಯುವವನ ವಯಸ್ಸೆಷ್ಟು?

ಮೊದಲನೆಯದಕ್ಕೆ 23 ಎಂಬ ಉತ್ತರವೇ ಹೆಚ್ಚು ಬಂತು. ‘ಉಳಿದವು’ ಎಂದು ಕಂಡಿತು, ಕಳೆದರು. ಸರಿಯುತ್ತರ 53. ಎರಡನೆಯದಕ್ಕೆ “2, ಶೇಷ 34” ಎಂದು ಬರೆದು ಕೆಳಗೆ ಎರಡು ಗೆರೆ ಎಳೆದವರೇ ಬಹಳ. 34 ಮಕ್ಕಳು ಬಸ್‌ಸ್ಟ್ಯಾಂಡಿನಲ್ಲೇ ಉಳಿದರು ಎಂಬುದು ಯಾರಿಗೂ ಕಾಡಲಿಲ್ಲ. ಮೂರನೆಯದಕ್ಕೆ 25 ಬಂತು, ಅಲ್ಲೊಂದು ಇಲ್ಲೊಂದು 130 ಮತ್ತು 120 ಕೂಡ. ಯಾಕೆ ಭಾಗಿಸಿದೆ ಎಂದು ಕೇಳಿದಾಗ ಒಬ್ಬ ಹುಡುಗಿ ಕೊಟ್ಟ ಉತ್ತರ ಹೀಗಿತ್ತು: “ಕೂಡಿದ್ರೆ 130 ಬರುತ್ತೆ ಮಿಸ್, ಅಷ್ಟು ವಯಸ್ಸು ಯಾರಿಗೂ ಇರಲ್ಲ. ಭಾಗಿಸಿದ್ರೆ ಶೇಷ ಇಲ್ದೆ ಹೋಗುತ್ತೆ.” ಈ ಮಾತಿನಲ್ಲಿ ಬುದ್ಧಿ ಇದೆ, ಉತ್ತರವನ್ನು ತೂಗಿ ನೋಡುವ ಗುಣವೂ ಇದೆ. ಆದರೆ ಆ ಬುದ್ಧಿ ಖರ್ಚಾದದ್ದು ಯಾವ ಕ್ರಿಯೆ ಎಂದು ಊಹಿಸುವುದಕ್ಕೆ. ಲೆಕ್ಕಕ್ಕೆ ಅರ್ಥವಿದೆಯೇ ಎಂದು ಕೇಳಿಕೊಳ್ಳುವ ಅಭ್ಯಾಸವೇ ಅವಳಿಗೆ ಆಗಿರಲಿಲ್ಲ.

ಇದನ್ನು ಹಳ್ಳಿ ಶಾಲೆಯ ಕೊರತೆ ಎಂದು ಬಗೆಯಬಾರದು. 1979ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ, ಹಡಗಿನಲ್ಲಿ 26 ಕುರಿ ಮತ್ತು 10 ಆಡು ಇದ್ದರೆ ಕಪ್ತಾನನ ವಯಸ್ಸೆಷ್ಟು ಎಂದು ಕೇಳಿದಾಗ 97 ಮಕ್ಕಳಲ್ಲಿ 76 ಮಂದಿ ಅವೇ ಅಂಕಿಗಳಿಂದ ಒಂದು ವಯಸ್ಸು ಹುಟ್ಟಿಸಿದ್ದರು. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ 1128 ಸೈನಿಕರು, ಬಸ್ಸಿಗೆ 36 ಜನ ಎಂಬ ಲೆಕ್ಕ ಕೊಟ್ಟಿದ್ದರು. ನೂರಕ್ಕೆ 29 ಮಂದಿ “31, ಶೇಷ 12” ಎಂದರು. 32 ಬಸ್ಸು ಎಂದವರು ಕಾಲು ಭಾಗಕ್ಕಿಂತ ಕಡಿಮೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಭಾಗಾಕಾರದ ಪಾಠದ ಕೊನೆಯ ಅಭ್ಯಾಸದಲ್ಲಿ ಎಲ್ಲ ಲೆಕ್ಕವೂ ಭಾಗಾಕಾರದ್ದೇ. ಓದದಿದ್ದರೂ ನಡೆಯುತ್ತದೆ, ದೊಡ್ಡ ಅಂಕಿಯನ್ನು ಚಿಕ್ಕದರಿಂದ ಭಾಗಿಸಿದರೆ ಉತ್ತರ ಸರಿಯಾಗುತ್ತದೆ. ಜೊತೆಗೆ ಮೂರು–ನಾಲ್ಕನೇ ತರಗತಿಯಿಂದಲೇ ‘ಒಟ್ಟು ಅಂದ್ರೆ ಕೂಡು, ಉಳಿದ ಅಂದ್ರೆ ಕಳೆ, ತಲಾ ಅಂದ್ರೆ ಭಾಗಿಸು’ ಎಂಬ ಗುರುತು ಹೇಳಿಕೊಟ್ಟಿರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿಕೊಟ್ಟದ್ದು, ಸಣ್ಣ ಲೆಕ್ಕಗಳಲ್ಲಿ ಅದು ದಕ್ಕುತ್ತದೆ ಕೂಡ. ಎರಡು ಹಂತದ ಲೆಕ್ಕ ಬಂದ ದಿನ ಕೈಕೊಡುತ್ತದೆ. ಅಷ್ಟು ಹೊತ್ತಿಗೆ ಮಗು ಆರು, ಏಳನೇ ತರಗತಿಯಲ್ಲಿರುತ್ತದೆ, ವಾಕ್ಯವನ್ನು ಓದುವ ರೂಢಿಯೇ ತಪ್ಪಿರುತ್ತದೆ.

ಒಂದು ಲೆಕ್ಕ, ಒಂದು ಪೀರಿಯಡ್

ವಾರಕ್ಕೆ ಒಂದು ಪೀರಿಯಡ್, 40 ನಿಮಿಷ, ಒಂದೇ ಲೆಕ್ಕ ಎಂದು ತೀರ್ಮಾನವಾಯಿತು. ಉಳಿದ ಪೀರಿಯಡ್‌ಗಳು ಎಂದಿನಂತೆ. ಇಲ್ಲಿ ವಿವರಿಸುವುದು ಆ ಸಾಲಿನ ಒಂದು ಪಾಠವನ್ನು. ಪದ್ಧತಿಯ ಬಲವೂ ತೊಡಕೂ ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಲೆಕ್ಕ ಇದು: ಕಣದಲ್ಲಿ 47 ಕ್ವಿಂಟಾಲ್ ಮೆಕ್ಕೆಜೋಳ ರಾಶಿ ಇದೆ. ಒಂದು ಚೀಲಕ್ಕೆ 60 ಕೆ.ಜಿ. ತುಂಬುತ್ತಾರೆ. ಒಂದು ಪಿಕಪ್ ಗಾಡಿಗೆ 26 ಚೀಲ ಹೇರಬಹುದು. ದಾವಣಗೆರೆ ಎಪಿಎಂಸಿಗೆ ಒಯ್ಯಲು ಎಷ್ಟು ಚೀಲ ಬೇಕು, ಗಾಡಿ ಎಷ್ಟು ಟ್ರಿಪ್ ಹೊಡೆಯಬೇಕು?

ಈ ಅಂಕಿಗಳನ್ನು ಬೇಕೆಂದೇ ಆರಿಸಲಾಗಿತ್ತು. 4700 ಕೆ.ಜಿ.ಯನ್ನು 60ರಿಂದ ಭಾಗಿಸಿದರೆ 78, ಶೇಷ 20. ಇನ್ನು 78 ಎಂದರೆ 26ರ ಮೂರು ಪಟ್ಟು, ಕರಾರುವಾಕ್ಕು. ಶೇಷವನ್ನು ಮರೆತವರಿಗೆ ಮೂರು ಟ್ರಿಪ್ ಸಾಕು; ನೆನಪಿಟ್ಟವರಿಗೆ 79ನೇ ಚೀಲವೊಂದಕ್ಕಾಗಿ ನಾಲ್ಕನೇ ಟ್ರಿಪ್ ಬೇಕು. ಚೀಲಗಳ ಸಂಖ್ಯೆ 75 ಅಥವಾ 85 ಬರುವಂತೆ ಲೆಕ್ಕ ಮಾಡಿದ್ದರೆ ಈ ಜಗಳವೇ ಏಳುತ್ತಿರಲಿಲ್ಲ.

ಮೊದಲ 5 ನಿಮಿಷ ಅಂಕಿಯೇ ಇಲ್ಲ, ಪ್ರಶ್ನೆಯೂ ಇಲ್ಲ. “ಕಣದಲ್ಲಿ ಒಂದಷ್ಟು ಜೋಳ ಇದೆ, ಚೀಲಕ್ಕೆ ತುಂಬಿ ಗಾಡಿಗೆ ಹೇರಿ ಪೇಟೆಗೆ ಕಳಿಸಬೇಕು. ನಿಮಗೆ ಏನೇನು ಗೊತ್ತಿರಬೇಕು?” ಎಂದಷ್ಟೇ ಶಿಕ್ಷಕಿ ಕೇಳಿದರು. ಎಷ್ಟು ಜೋಳ, ಚೀಲ ಎಷ್ಟು ಹಿಡಿಯುತ್ತೆ, ಗಾಡಿ ಯಾವುದು, ಬಾಡಿಗೆ ಎಷ್ಟು, ಖಾಲಿ ಚೀಲದ ತೂಕ ಕಳೀತಾರಾ ಎಂದೆಲ್ಲ ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬ “ಜೋಳ ಒಣಗಿದೆಯಾ ಮಿಸ್?” ಎಂದ. ಹಸಿ ಇದ್ದರೆ ಒಣಗಿದ ಮೇಲೆ ತೂಕ ಇಳಿಯುತ್ತದೆ. ಬೆಂಬಲ ಬೆಲೆಗೆ ಕೊಳ್ಳುವಾಗ ತೇವಾಂಶ 14% ಮೀರಬಾರದು ಎಂಬ ನಿಯಮವೂ ಇದೆ. ಗಣಿತದ ತರಗತಿಯಲ್ಲಿ ಬಾಯಿ ಬಿಡದ ಹುಡುಗ ಅವನು. ಎಲ್ಲವನ್ನೂ ಬೋರ್ಡಿನ ಎಡಕ್ಕೆ ಬರೆದು, ಬೇಕಾದ ಮೂರು ಅಂಕಿಗಳನ್ನು ಮಾತ್ರ ಕೊಡಲಾಯಿತು. ಅಂಕಿ ಕೈಗೆ ಬರುವ ಹೊತ್ತಿಗೆ ಮಕ್ಕಳ ತಲೆಯಲ್ಲಿ ಕಣ, ಚೀಲ, ಗಾಡಿ ಎಲ್ಲ ಬಂದು ಕೂತಿದ್ದವು. “ಭಾಗಿಸ್ಬೇಕಾ?” ಎಂದು ಕೇಳಿದವರು ಅಂದು ಕಡಿಮೆ.

ಮುಂದಿನ 3 ನಿಮಿಷ ಅಂದಾಜು. ಪೆನ್ನು ಬೆಂಚಿನ ಮೇಲೆ, ಕೈ ಮಡಿಲಲ್ಲಿ. ಇದನ್ನು ಸಡಿಲ ಬಿಟ್ಟರೆ ಮಕ್ಕಳು ಗುಟ್ಟಾಗಿ ಲೆಕ್ಕ ಮಾಡಿ ಮುಗಿಸಿ, ಆಮೇಲೆ ಅದರ ಪಕ್ಕದ ಒಂದು ಅಂಕಿಯನ್ನು ‘ಅಂದಾಜು’ ಎಂದು ಬರೆಯುತ್ತಾರೆ. ಮೊದಲ ವಾರಗಳಲ್ಲಿ ಆದದ್ದು ಅದೇ. ‘ಅಂದಾಜು ಮಾಡಿ’ ಎನ್ನುವ ಬದಲು ಮೇಲಿನ ಮಿತಿ, ಕೆಳಗಿನ ಮಿತಿ ಕೇಳಿದಾಗ ಅದು ನಿಂತಿತು. ಚೀಲಕ್ಕೆ 100 ಕೆ.ಜಿ. ಹಿಡಿದರೆ ಎಷ್ಟು? 47. ಚೀಲಕ್ಕೆ 50 ಕೆ.ಜಿ. ಆದರೆ? ಕ್ವಿಂಟಾಲಿಗೆ ಎರಡು, ಅಂದರೆ 94. ಹಾಗಾದರೆ 60 ಕೆ.ಜಿ. ಚೀಲಕ್ಕೆ ಉತ್ತರ 47 ಮತ್ತು 94ರ ನಡುವೆ ಇರಲೇಬೇಕು, 94ರ ಕಡೆಗೇ ಹತ್ತಿರ. ಬಾಯಿಲೆಕ್ಕದಲ್ಲಿ ಸಿಕ್ಕ ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲ್ಗಡೆ ದೊಡ್ಡದಾಗಿ ಬರೆದಿಡಲಾಯಿತು.

ಆಮೇಲೆ 6 ನಿಮಿಷ ಒಬ್ಬೊಬ್ಬರೇ, ಮಾತಿಲ್ಲದೆ. ರಬ್ಬರ್ ಬಳಸುವಂತಿಲ್ಲ, ತಪ್ಪೆನಿಸಿದರೆ ಒಂದೇ ಗೆರೆ ಹೊಡೆದು ಕೆಳಗೆ ಬರೆಯಬೇಕು. ಅಳಿಸಿಬಿಟ್ಟರೆ ಮಗು ಎಲ್ಲಿ ದಾರಿ ಬದಲಿಸಿತು ಎಂಬುದು ಶಿಕ್ಷಕಿಗೂ ಸಿಗುವುದಿಲ್ಲ, ಮಗುವಿಗೂ ಸಿಗುವುದಿಲ್ಲ. ಈ ಹೊತ್ತಿನಲ್ಲಿ ಶಿಕ್ಷಕಿಯ ಕೆಲಸ ಬೆಂಚುಗಳ ನಡುವೆ ನಡೆಯುತ್ತ ಯಾರ ನೋಟ್‌ಬುಕ್ಕಿನಲ್ಲಿ ಏನಿದೆ ಎಂದು ಗುರುತು ಹಾಕಿಕೊಳ್ಳುವುದು; ತಿದ್ದುವುದು ಈಗಲ್ಲ. ಕಂಡ ತಪ್ಪುಗಳು ಮೂರು ಬಗೆಯವು. ಕ್ವಿಂಟಾಲನ್ನು ಕೆ.ಜಿ. ಮಾಡದೆ 60ನ್ನು 47ರಿಂದ ಭಾಗಿಸಿ “1, ಶೇಷ 13” ಎಂದವರು. 47ನ್ನು 60ರಿಂದ ಗುಣಿಸಿ 2820 ಚೀಲ ಎಂದವರು. ಮೂರನ್ನೂ ಕೂಡಿ 133 ಬರೆದವರು. ಅವರ ಬಳಿ ಹೋದಾಗ “ತಪ್ಪು” ಎನ್ನದೆ, ಬೋರ್ಡಿನ ಮೇಲಿನ 47 ಮತ್ತು 94ರ ಕಡೆ ಕೈ ತೋರಿಸಿದರೆ ಸಾಕಾಗುತ್ತಿತ್ತು. 2820 ಬರೆದ ಹುಡುಗ ಒಂದು ಗಳಿಗೆ ನೋಡಿ ತಾನೇ ಗೆರೆ ಹೊಡೆದ.

4 ನಿಮಿಷ ಪಕ್ಕದವರೊಂದಿಗೆ ಹೋಲಿಸಿ ನೋಡುವುದು. ನಂತರ 14 ನಿಮಿಷ ಬೋರ್ಡು, ಕೊನೆಗೆ 6 ನಿಮಿಷ ಉತ್ತರವನ್ನು ಕಣಕ್ಕೆ ವಾಪಸು ಒಯ್ದು ನೋಡುವುದು.

ಬೋರ್ಡಿನ ಮುಂದೆ

ಯಾರು ಮೊದಲು ಬರಬೇಕು ಎಂಬುದನ್ನು ಶಿಕ್ಷಕಿ ಮೊದಲೇ ಗೊತ್ತುಮಾಡಿಕೊಂಡಿದ್ದರು. ಜಾಣರನ್ನು ಮೊದಲು ಕರೆದರೆ ಉಳಿದವರು ತಮ್ಮ ನೋಟ್‌ಬುಕ್ ಮುಚ್ಚಿಬಿಡುತ್ತಾರೆ. ಹಾಗಾಗಿ ಉದ್ದ ಭಾಗಾಕಾರ ಬಾರದ ಹುಡುಗಿಯಿಂದ ಶುರು. ಅವಳು ಪಟ್ಟಿ ಮಾಡಿದ್ದಳು: 10 ಚೀಲ 600, 70 ಚೀಲ 4200, ಇನ್ನು 500 ಬಾಕಿ, 8 ಚೀಲ 480, ಇನ್ನು 20 ಬಾಕಿ. ಮಗ್ಗಿ ಪೂರ್ತಿ ಬಾರದಿದ್ದರೂ ಹತ್ತರ ಪಟ್ಟು ಬಂದರೆ ಈ ದಾರಿ ಮುಟ್ಟಿಸುತ್ತದೆ. ಇದರಲ್ಲಿ ಇನ್ನೊಂದು ಅನುಕೂಲವಿದೆ: ಪ್ರತಿ ಸಾಲಿನಲ್ಲೂ ಯಾವುದು ಚೀಲ, ಯಾವುದು ಕೆ.ಜಿ. ಎಂಬುದು ಕಣ್ಣೆದುರೇ ಇರುತ್ತದೆ.

ಎರಡನೆಯವನು ಮಾಮೂಲಿ ರೀತಿಯಲ್ಲಿ 4700ನ್ನು 60ರಿಂದ ಭಾಗಿಸಿ 78, ಶೇಷ 20 ಬರೆದ. ಮೂರನೆಯವಳು ಎರಡೂ ಕಡೆ ಒಂದೊಂದು ಸೊನ್ನೆ ಹೊಡೆದು 470ನ್ನು 6ರಿಂದ ಭಾಗಿಸಿದ್ದಳು: 78, ಶೇಷ 2. ತರಗತಿ ಎರಡಾಯಿತು. ಭಾಗಲಬ್ಧ ಎರಡರಲ್ಲೂ 78, ಶೇಷ ಮಾತ್ರ ಬೇರೆ. “ಇವಳದ್ದು ತಪ್ಪು,” “ಸೊನ್ನೆ ಹೊಡೀಬಾರ್ದಿತ್ತು,” “ಹೋದ ವರ್ಷ ಹೊಡೀಬೋದು ಅಂತ ನೀವೇ ಹೇಳಿದ್ರಲ್ಲ ಮಿಸ್!”

ಇಲ್ಲಿ ಶಿಕ್ಷಕಿ ಮಾಡಿದ್ದೆಲ್ಲ ಇಷ್ಟೇ: “ಈ 2 ಏನು? ಚೀಲವಾ, ಕೆ.ಜಿ.ಯಾ?” ಎಂದು ಕೇಳಿ ಸುಮ್ಮನಾದರು. ಈ ಸುಮ್ಮನಿರುವುದೇ ಕಷ್ಟದ ಕೆಲಸ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡು ಅಥವಾ ಹೆಚ್ಚಿಗೆ ಎಳೆದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಈ ಶಿಕ್ಷಕಿ ಒಳಗೊಳಗೇ ಹತ್ತರವರೆಗೆ ಎಣಿಸುವ ರೂಢಿ ಮಾಡಿಕೊಂಡಿದ್ದರು. ಎಣಿಸುವಾಗ ಸೀಮೆಸುಣ್ಣ ಕೆಳಗಿಟ್ಟು ಕೈ ಕಟ್ಟುತ್ತಿದ್ದರು, ಕೈ ತಾನಾಗಿ ಬೋರ್ಡಿಗೆ ಹೋಗದಿರಲಿ ಎಂದು.

ಉತ್ತರ ಬಂದದ್ದು ಪಟ್ಟಿ ಮಾಡಿದ ಹುಡುಗಿಯಿಂದ. “ಸೊನ್ನೆ ಹೊಡೆದ್ರೆ ಕೆ.ಜಿ. ಅಲ್ಲ ಮಿಸ್, ಹತ್ತು ಕೆ.ಜಿ.ದು ಒಂದೊಂದು. 470 ಹತ್ತು ಕೆ.ಜಿ., ಒಂದು ಚೀಲಕ್ಕೆ ಆರು ಹತ್ತು ಕೆ.ಜಿ. ಉಳಿದಿದ್ದು ಎರಡು ಹತ್ತು ಕೆ.ಜಿ.” ಅಂದರೆ 20 ಕೆ.ಜಿ.ಯೇ. ಭಾಜ್ಯ, ಭಾಜಕಗಳನ್ನು ಒಂದೇ ಸಂಖ್ಯೆಯಿಂದ ಭಾಗಿಸಿದರೆ ಭಾಗಲಬ್ಧ ಬದಲಾಗದು, ಶೇಷ ಮಾತ್ರ ಅಷ್ಟೇ ಪಾಲು ಚಿಕ್ಕದಾಗುತ್ತದೆ ಎಂಬ ನಿಯಮವನ್ನು ಶಿಕ್ಷಕಿ ಇದರ ಕೆಳಗೆ ಬರೆದರು. ನಿಯಮ ಮೊದಲು ಬಂದಿದ್ದರೆ ಅದು ಇನ್ನೊಂದು ಬಾಯಿಪಾಠವಾಗುತ್ತಿತ್ತು.

ನಾಲ್ಕನೆಯ ಹುಡುಗ ದಶಮಾಂಶಕ್ಕೆ ಇಳಿಸಿ 78.33 ಬರೆದಿದ್ದ. 0.33 ಚೀಲ ಎಂದರೆ ಎಷ್ಟು ಕೆ.ಜಿ. ಎಂದು ಕೇಳಿದಾಗ 60ರಿಂದ ಗುಣಿಸಿ 19.8 ಎಂದ. “ಮತ್ತೆ 200 ಗ್ರಾಂ ಎಲ್ಲಿ ಹೋಯ್ತೋ?” ಎಂದು ಗೆಳೆಯರೇ ಕೇಳಿದರು. 0.33 ಎಂಬುದು ಮೂರನೇ ಒಂದು ಭಾಗದ ಹತ್ತಿರದ ಬೆಲೆ, ಪೂರ್ತಿ ಬೆಲೆಯಲ್ಲ. ಇದಕ್ಕೆ ಅಂದು ಹೊತ್ತಿರಲಿಲ್ಲ. ಬೋರ್ಡಿನ ಮೂಲೆಯಲ್ಲಿ ‘ಬಾಕಿ’ ಎಂದು ಬರೆದು ದಶಮಾಂಶದ ಪಾಠಕ್ಕೆ ಕಾದಿರಿಸಲಾಯಿತು. ಎಲ್ಲವನ್ನೂ ಅದೇ ದಿನ ಮುಗಿಸಲು ಹೋದರೆ ಕೊನೆಯ ಆರು ನಿಮಿಷ ಕೈತಪ್ಪುತ್ತದೆ, ಆ ಆರು ನಿಮಿಷವನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬಾರದು.

ಆ ಆರು ನಿಮಿಷದಲ್ಲಿ ನಡೆದದ್ದು ಹೀಗೆ. ಉತ್ತರ 79 ಚೀಲ, ನಾಲ್ಕು ಟ್ರಿಪ್. “20 ಕೆ.ಜಿ.ಗೆ ಗಾಡಿ ಇನ್ನೊಂದ್ಸಲ ಬರುತ್ತಾ?” ಎಂಬ ಮಾತು ಎದ್ದಿತು. ಬೆಂಬಲ ಬೆಲೆ ಕ್ವಿಂಟಾಲಿಗೆ 2400 ರೂಪಾಯಿ ಎಂದು ಹಿಡಿದರೆ 20 ಕೆ.ಜಿ.ಗೆ 480 ರೂಪಾಯಿ. ಗಾಡಿ ಬಾಡಿಗೆ 1500 ಎಂದು ಇಟ್ಟುಕೊಂಡರೆ ಒಯ್ಯುವುದೇ ನಷ್ಟ. ಒಬ್ಬಳು, ಮನೇಲೇ ಇಟ್ಕೊಂಡ್ರೆ ಕೋಳಿಗೆ ಆಗುತ್ತೆ ಎಂದಳು. ಇನ್ನೊಬ್ಬ, 78 ಚೀಲಕ್ಕೂ ಸ್ವಲ್ಪ ಸ್ವಲ್ಪ ಹಂಚೋಣ ಎಂದ. ಎಷ್ಟು ಸ್ವಲ್ಪ? ಕಾಲು ಕೆ.ಜಿ.ಯಂತೆ ಹಂಚಿದರೆ 19.5 ಕೆ.ಜಿ. ಹೋಗುತ್ತದೆ, ಉಳಿಯುವುದು ಅರ್ಧ ಕೆ.ಜಿ. ಚೀಲದ ಬಾಯಿ ಹೊಲಿಯಲು ಜಾಗ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ, ಕಾಲು ಕೆ.ಜಿ. ದೊಡ್ಡದಲ್ಲ, ಚೀಲವನ್ನು ಒಂದ್ಸಲ ಕುಕ್ಕಿದರೆ ಇಳಿಯುತ್ತದೆ ಎಂದು ಕಣದಲ್ಲಿ ಕೆಲಸ ಮಾಡಿದ ಮಕ್ಕಳು ಹೇಳಿದರು. ಕಾಗದದ ಮೇಲಿನ ಉತ್ತರ ನಾಲ್ಕು ಟ್ರಿಪ್, ಊರಿನಲ್ಲಿ ಮೂರೇ ಟ್ರಿಪ್. ಎರಡಕ್ಕೂ ಕಾರಣ ಬರೆದವರಿಗೆ ಪೂರ್ತಿ ಅಂಕ ಸಿಕ್ಕಿತು.

ಎಡವಿದ ಜಾಗಗಳು

ಹುಷಾರಿನ ಮಕ್ಕಳು ಉತ್ತರ ಕೂಗಿಬಿಡುವುದು ಮೊದಲ ತೊಡಕು. ಕೂಗಬೇಡ ಎಂದರೆ ನಿಲ್ಲಲಿಲ್ಲ. ಕೆಲವು ವಾರ ಉತ್ತರವನ್ನು ಶಿಕ್ಷಕಿಯೇ ಮೊದಲು ಬರೆದರು: “ಉತ್ತರ ಇಷ್ಟು. ಇದು ಯಾಕೆ ಸರಿ ಅಂತ ತೋರಿಸಿ.” ಉತ್ತರಕ್ಕೆ ಬೆಲೆಯೇ ಇಲ್ಲದಾದಾಗ ಕೂಗುವವರಿಗೆ ಕೂಗಲು ಏನೂ ಉಳಿಯಲಿಲ್ಲ, ಕಾರಣ ಹುಡುಕುವ ಕೆಲಸಕ್ಕೆ ಅವರೂ ಕೂತರು.

ಎರಡನೆಯದು ಇದಕ್ಕಿಂತ ಆಳದ್ದು. ಗಣಿತಜ್ಞ ಜಾರ್ಜ್ ಪೋಲ್ಯಾ ಲೆಕ್ಕ ಬಿಡಿಸುವುದಕ್ಕೆ 1945ರಲ್ಲಿ ವಿವರಿಸಿದ ನಾಲ್ಕು ಹಂತಗಳು, ಅಂದರೆ ಸಮಸ್ಯೆ ಅರ್ಥಮಾಡಿಕೊಳ್ಳುವುದು, ದಾರಿ ಯೋಚಿಸುವುದು, ಅದರಂತೆ ನಡೆಯುವುದು, ತಿರುಗಿ ನೋಡುವುದು, ಗೋಡೆಯ ಮೇಲೆ ಚಾರ್ಟ್ ಆಗಿ ಇದ್ದವು. ಮಕ್ಕಳು ನೋಟ್‌ಬುಕ್ಕಿನಲ್ಲಿ ಆ ನಾಲ್ಕನ್ನೂ ಶೀರ್ಷಿಕೆಗಳಾಗಿ ಬರೆದು, ಕೆಳಗೆ ನೇರ ಭಾಗಾಕಾರ ಮಾಡಿ, ‘ತಿರುಗಿ ನೋಡುವುದು’ ಎಂಬುದರ ಮುಂದೆ ‘ನೋಡಿದೆ’ ಎಂದು ಬರೆದರು. ಹಂತದ ಹೆಸರು ಬರೆಸುವುದರಿಂದ ಹಂತ ನಡೆಯುವುದಿಲ್ಲ. ಚಾರ್ಟ್ ತೆಗೆದು, ಅದರ ಬದಲು ಪ್ರತಿ ಲೆಕ್ಕಕ್ಕೂ ಕಡ್ಡಾಯವಾಗಿ ಎರಡೇ ಪ್ರಶ್ನೆ ಇಡಲಾಯಿತು: ಉತ್ತರ ಯಾವ ಎರಡು ಅಂಕಿಗಳ ನಡುವೆ ಇರಬೇಕು, ಮತ್ತು ನಿನ್ನ ಕೊನೆಯ ಅಂಕಿ ಏನನ್ನು ಎಣಿಸುತ್ತಿದೆ? ಇವೆರಡಕ್ಕೂ ಲೆಕ್ಕವನ್ನು ಓದದೆ ಉತ್ತರಿಸಲಾಗದು.

ಪಾಠ ಮುಗಿಯುವುದಿಲ್ಲ ಎಂಬ ಚಿಂತೆ ನಿಜವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಯೋಚನೆಯನ್ನು ಗಣಿತದ ರೀತಿಗೆ ಒಗ್ಗಿಸುವುದೇ ಗಣಿತ ಬೋಧನೆಯ ಮುಖ್ಯ ಗುರಿ ಎಂದಿದ್ದರೂ, ಶಿಕ್ಷಕರ ಎದುರು ಇರುವುದು ಅಧ್ಯಾಯಗಳ ಪಟ್ಟಿ. ಇಲ್ಲಿ ಆ ವಾರದ ಲೆಕ್ಕವನ್ನು ನಡೆಯುತ್ತಿರುವ ಅಧ್ಯಾಯದಿಂದಲೇ ತೆಗೆದು, ಅಭ್ಯಾಸದಲ್ಲಿನ ಒಂದೇ ಬಗೆಯ ಲೆಕ್ಕಗಳನ್ನು ಕಡಿಮೆ ಮಾಡಲಾಯಿತು. ಮನೆಗೆಲಸಕ್ಕೆ ಮೂರು ಲೆಕ್ಕ, ಅದರಲ್ಲಿ ಒಂದು ಹಳೆಯ ಅಧ್ಯಾಯದ್ದು. ಯಾವುದು ಹಳೆಯದು ಎಂದು ಹೇಳುವುದಿಲ್ಲ. ಈ ಸಣ್ಣ ಬದಲಾವಣೆಯೊಂದೇ ಓದುವುದನ್ನು ಅನಿವಾರ್ಯ ಮಾಡಿತು. ಅಂಕವನ್ನು 5ಕ್ಕೆ ಹಂಚಿದ್ದು ಹೀಗೆ: ಮಿತಿಗಳಿಗೆ 1, ಚಿತ್ರ ಅಥವಾ ಪಟ್ಟಿಗೆ 1, ಲೆಕ್ಕಕ್ಕೆ 2, ಉತ್ತರವನ್ನು ಸಂದರ್ಭಕ್ಕೆ ಹೊಂದಿಸಿ ಬರೆದ ವಾಕ್ಯಕ್ಕೆ 1. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ಇದೇ ದಾಖಲೆ ಸಾಕಾಯಿತು, ಬೇರೆ ಕಡತ ಬೇಕಾಗಲಿಲ್ಲ.

ದಸರಾ ರಜೆಯ ಹೊತ್ತಿಗೆ

ಜೂನ್‌ನಲ್ಲಿ ಶುರುವಾದದ್ದು ದಸರಾ ರಜೆಯ ಹೊತ್ತಿಗೆ ಎಲ್ಲಿಗೆ ಬಂದಿತ್ತು ಎಂಬುದಕ್ಕೆ ಒಂದು ಲೆಕ್ಕ ಸಾಕ್ಷಿ. ಹಿರಿಯೂರಿನ ವಾಣಿ ವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ. 1933ರ ನಂತರ ಅದು ಮೊದಲ ಸಲ ಕೋಡಿ ಬಿದ್ದದ್ದು 2022ರಲ್ಲಿ. ನೀರು 112 ಅಡಿಗೆ ನಿಂತಿದೆ, ದಿನಕ್ಕೆ ಅರ್ಧ ಅಡಿ ಏರುತ್ತಿದೆ, ತುಂಬಲು ಎಷ್ಟು ದಿನ ಎಂದು ಕೇಳಲಾಯಿತು. 36 ದಿನ ಎಂದು ಬಹಳ ಮಂದಿ ಬರೆದರು. ಕೆಲವರು ಅದರ ಕೆಳಗೆ ಒಂದು ಸಾಲು ಸೇರಿಸಿದ್ದರು: ಮೇಲೆ ಹೋದಂತೆ ಕೆರೆ ಅಗಲವಾಗುತ್ತದೆ, ಅಷ್ಟೇ ನೀರು ಬಂದರೂ ಮಟ್ಟ ನಿಧಾನಕ್ಕೆ ಏರುತ್ತದೆ, ಆದ್ದರಿಂದ 36ಕ್ಕಿಂತ ಹೆಚ್ಚು ದಿನ ಬೇಕು. ಯಾರೂ ಹೇಳಿಕೊಡದೆ ಬಂದ ಸಾಲು ಅದು. ಏಳನೇ ತರಗತಿಯ ಮಗುವಿನಿಂದ ಇದಕ್ಕಿಂತ ಹೆಚ್ಚಿನ ಗಣಿತವನ್ನು ಕೇಳುವುದು ಕಷ್ಟ.

ಕುರಿ ಕಾಯುವವನ ವಯಸ್ಸನ್ನು ಬೇರೆ ವೇಷದಲ್ಲಿ ಮತ್ತೆ ಕೇಳಿದಾಗ ‘ಹೇಳಲು ಆಗದು’ ಎಂದು ಬರೆಯುವವರು ಹೆಚ್ಚಿದ್ದರು, ಬಸ್ಸಿನಂಥ ಲೆಕ್ಕದಲ್ಲಿ ಶೇಷವನ್ನು ಹಾಗೇ ಬಿಟ್ಟವರು ಕಡಿಮೆ. ಓದುವುದೇ ತಡವಾಗುವ ಐದಾರು ಮಕ್ಕಳಲ್ಲಿ ಮಾತ್ರ ಹೆಚ್ಚು ಬದಲಾವಣೆ ಕಾಣಲಿಲ್ಲ. ಅವರಿಗೆ ಲೆಕ್ಕವನ್ನು ಎರಡು ಸಲ ಗಟ್ಟಿಯಾಗಿ ಓದಿ ಹೇಳಿದರೆ ಬಾಯಿಂದ ಸರಿಯಾಗಿ ಉತ್ತರಿಸುತ್ತಾರೆ, ಹಾಳೆ ಕೊಟ್ಟರೆ ಮತ್ತೆ ಅಂಕಿ ಹೆಕ್ಕುತ್ತಾರೆ. ಅವರ ತೊಂದರೆ ಇರುವುದು ಕನ್ನಡ ಓದಿನಲ್ಲಿ, ಅದಕ್ಕೆ ಕನ್ನಡ ಶಿಕ್ಷಕರ ಪೀರಿಯಡ್‌ನಲ್ಲೇ ವಾರಕ್ಕೊಂದು ವಾಕ್ಯಲೆಕ್ಕ ಓದಿಸುವ ಏರ್ಪಾಡಾಗಿದೆ. ಶೇಕಡ ಲೆಕ್ಕದಲ್ಲಿ ಅಂದಾಜು ಇನ್ನೂ ಎಲ್ಲರಿಗೂ ಕೈಕೊಡುತ್ತಿದೆ: 18% ಎಂದರೆ ಯಾವ ಎರಡು ಅಂಕಿಗಳ ನಡುವೆ ಎಂದರೆ ತಡಬಡಿಸುತ್ತಾರೆ. ಎರಡನೇ ಅವಧಿಯ ಮೊದಲ ವಾರಗಳಿಗೆ ಗೊತ್ತುಮಾಡಿಕೊಂಡಿರುವುದು ಅದನ್ನೇ. ಯಾವುದೇ ಮೊತ್ತದ 10%, 20%, 50% ಮೊದಲು ಬಾಯಿಲೆಕ್ಕದಲ್ಲಿ ಬರಬೇಕು, ಆಮೇಲೆ ಮಿತಿ, ಆಮೇಲೆ ಪೆನ್ನು.